ಮೂರನೇ ಚಮಚ

ನಮ್ಮ ಬಂದರಿನ ಚರ್ಚಿಗೆ ಹೋಗುವ ಹೆಂಗಸರು ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ದೇವರ ಹೆಸರಿನಲ್ಲಿ ಒಂದಿಷ್ಟು ಎತ್ತಿಡುತ್ತೇವೆ. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟೋ ಅಷ್ಟು ಚಮಚ. ಒಂದೊಂದು ಚಮಚಕ್ಕೂ ಒಬ್ಬೊಬ್ಬರ ಹೆಸರು ಹೇಳಿ, ಇವರನ್ನು ಕಾಯಪ್ಪಾ ಎಂದು ಬೇಡಿಕೊಂಡು ಮುಡಿಪಿನ ಚೀಲಕ್ಕೆ ಹಾಕಬೇಕು. ಭಾನುವಾರ ಆ ಚೀಲ ಚರ್ಚಿಗೆ, ಅಲ್ಲಿಂದ ಇಲ್ಲದವರ ಮನೆಗೆ ಹೋಗುತ್ತದೆ. ನನ್ನ ಅತ್ತೆ ಹಾಕುತ್ತಿದ್ದರು, ಅವರು ಹೋದಮೇಲೆ ನಾನು.

ನನ್ನ ಮನೆಯದು ಮೂರು ಚಮಚ. ಮೊದಲನೆಯದು ಮಗ ಮಾನ್ಸುವಿಗೆ, ಎರಡನೆಯದು ನನಗೆ. ಮೂರನೆಯದು ವರ್ಸಿತೊನಿಗೆ. ವರ್ಸಿತೊ ಜಾವಾದಿಂದ ಬಂದವನು, ಮಾನ್ಸುವಿನ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ. ಆ ದೋಣಿಗೆ ಹೋಗುತ್ತಿದ್ದವರೇ ಅವರಿಬ್ಬರು. ಬಲೆ ಇಡುವ ಶೆಡ್ಡಿನಲ್ಲಿ ಚಾಪೆ ಹಾಸಿಕೊಂಡು ನಮಾಜು ಮಾಡುತ್ತಿದ್ದ, ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ.

ಪಕ್ಕದ ಮನೆಯ ಒಕ್ಬುನ್‌ಗೆ ಇದು ಸರಿಬರಲಿಲ್ಲ. ನಾವಿಬ್ಬರೂ ಒಟ್ಟಿಗೆ ಮೀನು ಒಣಗಿಸಿ ಮಾರುವವರು, ಅವಳ ಬಾಯಿಗೆ ಬೀಗವಿಲ್ಲ.

"ಅಕ್ಕಾ, ಅವನು ಬೇರೆ ಮತದೋನು. ಅವನಿಗ್ಯಾಕೆ ದೇವರ ಅಕ್ಕಿ?"

"ನನ್ನ ಪಾತ್ರೇಲಿ ಬೆಂದದ್ದು ತಿನ್ನೋನು ನನ್ನ ಮನೆ ಬಾಯಿ ಕಣೆ. ಚಮಚ ನನ್ನದು, ಅಕ್ಕಿ ನನ್ನದು, ನಿನ್ನ ಗಂಟೇನು ಹೋಯ್ತು?"

ಮಾನ್ಸು ಮಾತ್ರ ಇಬ್ಬರನ್ನೂ ನೋಡಿ ನಗುತ್ತಿದ್ದ. ಅವನು ಚರ್ಚಿಗೆ ಬರುವುದನ್ನು ಬಿಟ್ಟು ಕಾಲವಾಗಿತ್ತು. "ಅಮ್ಮಾ, ದಿನಾ ನಮ್ಮನೆ ಅಕ್ಕಿ ತಿಂದೂ ತಿಂದೂ ನಿನ್ನ ದೇವರಿಗೆ ಅಜೀರ್ಣ ಆಗಿರತ್ತೆ. ಒಂದಿನ ರಜಾ ಕೊಡು" ಎನ್ನುತ್ತಿದ್ದ. "ನಿನ್ನಂಥೋನನ್ನ ಕಾಯಬೇಕಲ್ಲಪ್ಪ, ಅದಕ್ಕೆ ಹೊಟ್ಟೆ ತುಂಬ ತಿನ್ನಬೇಕು" ಎಂದು ನಾನೂ ಬಿಡುತ್ತಿರಲಿಲ್ಲ.

ಚಳಿ ಶುರುವಾಗಿ, ಪರ್ಸಿಮನ್ ಹಣ್ಣು ಸುಲಿದು ಒಣಗಲು ಸೂರಿಗೆ ನೇತುಹಾಕುವ ಕಾಲ ಅದು. ಮಧ್ಯಾಹ್ನ ಹೋದ ದೋಣಿ ಸಂಜೆಗೆ ಬರಲಿಲ್ಲ. ಗಾಳಿ ಎದ್ದಿತ್ತು. ಕತ್ತಲಾಗುವ ಹೊತ್ತಿಗೆ ಕರಾವಳಿ ಕಾವಲಿನವರು ಬಂದು, ರೇಡಿಯೋಗೆ ಉತ್ತರ ಸಿಗುತ್ತಿಲ್ಲ, ಹುಡುಕುತ್ತಿದ್ದೇವೆ ಎಂದು ಹೇಳಿ ಹೋದರು. ಒಕ್ಬುನ್ ಬಂದು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಳು. ರಾತ್ರಿಯೆಲ್ಲ ಅಲ್ಲೇ ಇದ್ದಳು.

ಬೆಳಕು ಹರಿಯುವ ಮುಂಚೆ ಎದ್ದು ಅಕ್ಕಿ ಜಾಡಿಯ ಮುಚ್ಚಳ ತೆಗೆದೆ. ಮಾನ್ಸು, ನಾನು, ವರ್ಸಿತೊ. ಮೂರೂ ಹೆಸರು ಹೇಳಿ ಮೂರೂ ಚಮಚ ಹಾಕಿ ಮುಚ್ಚಳ ಮುಚ್ಚಿದೆ. ನಾಲ್ಕು ಕಾಳು ನೆಲಕ್ಕೆ ಬಿದ್ದಿದ್ದವು, ಅವನ್ನೂ ಆಯ್ದು ಚೀಲಕ್ಕೆ ಹಾಕಿದೆ. ಆಮೇಲೆ ಒಕ್ಬುನ್ ಮತ್ತು ನಾನು ಮುಂಜಾನೆಯ ಪ್ರಾರ್ಥನೆಗೆ ಹೋದೆವು.

ಆವತ್ತು ಚರ್ಚು ತುಂಬಿತ್ತು. ಸಮುದ್ರಕ್ಕೆ ಗಂಡಸರನ್ನು ಕಳಿಸುವ ಊರು, ಇಂಥ ದಿನ ಯಾರೂ ಹಾಸಿಗೆಯಲ್ಲಿ ಇರುವುದಿಲ್ಲ. ಪಾಸ್ಟರ್ ಅಯ್ಯನವರು ಬೈಬಲ್ ತೆರೆದಿದ್ದರಷ್ಟೆ, ಅವರ ಫೋನು ಬಡಿದುಕೊಂಡಿತು. ಪೀಠದ ಮೇಲೆ ನಿಂತೇ ಕೇಳಿಸಿಕೊಂಡರು. ಬೈಬಲ್ ಮುಚ್ಚಿ ನಮ್ಮ ಕಡೆ ತಿರುಗಿದರು.

"ದೋಣಿ ಮಗುಚಿರೋದು ಸಿಕ್ಕಿದೆ. ಪರದೇಶದ ಒಂದು ಸರಕು ಹಡಗಿನೋರು ಒಬ್ಬರನ್ನ ಎತ್ತಿಕೊಂಡಿದ್ದಾರೆ. ಉಸಿರಿದೆ, ಮಾತಿಲ್ಲ. ಯಾರು ಅನ್ನೋದು ಅವರಿಗೆ ಗೊತ್ತಾಗ್ತಿಲ್ಲ. ಹೆಲಿಕಾಪ್ಟರಲ್ಲಿ ಆಸ್ಪತ್ರೆಗೆ ತರ್ತಾರಂತೆ."

ಒಬ್ಬರು. ಇಬ್ಬರಲ್ಲಿ ಒಬ್ಬರು.

ಒಕ್ಬುನ್ ನನ್ನ ಮೊಣಕೈ ಹಿಡಿದುಕೊಂಡಳು. "ಕೇಳ್ಕೋ ಅಕ್ಕಾ, ಈಗ್ಲೇ ಕೇಳ್ಕೋ. ನಮ್ಮ ಮಾನ್ಸುನೇ ಆಗಿರಲಿ ಅಂತ ಗಟ್ಟಿಯಾಗಿ ಕೇಳು."

ನಮ್ಮಲ್ಲಿ ಕಷ್ಟ ಬಂದಾಗ ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುತ್ತೇವೆ. ಕರ್ತನೇ, ಕರ್ತನೇ, ಕರ್ತನೇ ಎಂದು ಮೂರು ಸಲ ಕೂಗಿ, ಆಮೇಲೆ ಅವರವರ ಬಾಯಿಗೆ ಬಂದದ್ದು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ. ಅಕ್ಕ ಕೂಗಿದರೆ ಸ್ವರ್ಗದಲ್ಲಿ ಕಿಟಕಿ ಹಾಕಿಕೊಳ್ಳುತ್ತಾರೆ ಎಂದು ಒಕ್ಬುನ್ ಆಡಿಕೊಳ್ಳುತ್ತಿದ್ದಳು. ಆವತ್ತು ಸೂರು ಹಾರಿಹೋಗುವಂತೆ ಎಲ್ಲರೂ ಕೂಗಿದರು. "ಮಾನ್ಸುನ ಕೊಡು ಕರ್ತನೇ! ಆ ತಾಯಿಗೆ ಇರೋದು ಅವನೊಬ್ಬನೇ!"

ನಾನು ಬಾಯಿ ತೆರೆದೆ. ಎದೆಯೊಳಗೆ ಮಾನ್ಸು ಮಾನ್ಸು ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆದರೆ ನಾಲಿಗೆ ಏಳಲಿಲ್ಲ. ಮಾನ್ಸುವನ್ನು ಕೊಡು ಎಂದರೆ ಇನ್ನೊಬ್ಬನನ್ನು ಮುಳುಗಿಸು ಎಂದೇ ಅರ್ಥವಲ್ಲವೇ? ಈಗಷ್ಟೇ ಅವನ ಹೆಸರು ಹೇಳಿ ಚಮಚ ಹಾಕಿ ಬಂದಿದ್ದೇನೆ. ಹಾಕಿದ ಕೈಯಿಂದಲೇ ಅದನ್ನು ಹೇಗೆ ವಾಪಸು ತೆಗೆಯಲಿ? ಅದೂ ಅಲ್ಲದೆ, ಹಡಗಿನ ಮೇಲೆ ಮಲಗಿರುವವನು ಯಾರೆಂದು ದೇವರಿಗೆ ಆಗಲೇ ಗೊತ್ತು. ನಾನು ಕೂಗಿದರೆ ಅವನ ಮುಖ ಬದಲಾದೀತೇ? ಜಾವಾದಲ್ಲಿ ಇನ್ನೊಬ್ಬ ತಾಯಿಯೂ ಈಗ ಚಾಪೆಯ ಮೇಲೆ ಹಣೆ ಊರಿಕೊಂಡಿರಬಹುದು.

ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ. "ಕರ್ತನೇ, ಆರಿಸು ಅಂತ ನನ್ನ ಕೇಳಬೇಡ. ನನ್ನ ಕೈಲಾಗಲ್ಲ. ಇಬ್ಬರನ್ನೂ ನಿನ್ನ ಮಡಿಲಿಗೆ ಹಾಕಿದೀನಿ, ನೀನೇ ನೋಡ್ಕೋ." ಪಿಸುಮಾತಿನಲ್ಲಿ ಹೇಳಿದೆ. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ಒಕ್ಬುನ್‌ಗೂ ಅದು ಕೇಳಿಸಲಿಲ್ಲ.

ಆಸ್ಪತ್ರೆಯಲ್ಲಿ ಬಹಳ ಹೊತ್ತು ಕೂರಿಸಿದರು. ಆಮೇಲೆ ನರ್ಸ್ ಬಂದು ಒಳಗೆ ಕರೆದುಕೊಂಡು ಹೋದಳು. ಪರದೆ ಪೂರ್ತಿ ಸರಿಯುವ ಮುಂಚೆ ಹೊದಿಕೆಯಿಂದ ಆಚೆ ಬಂದ ಎರಡು ಪಾದ ಕಂಡವು. ಹೆತ್ತವಳಿಗೆ ಪಾದ ಸಾಕು. ಮಾನ್ಸುವಿನವಲ್ಲ.

ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ವರ್ಸಿತೊ ಬದುಕಿದನೆಂದು ನನಗೆ ಸಂತೋಷವಾಗಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ನಿಂತೆ. ಅವನು ಕಣ್ಣು ಬಿಟ್ಟು ನನ್ನನ್ನು ಕಂಡವನೇ ಮುಖ ಮುಚ್ಚಿಕೊಂಡು ಅಳತೊಡಗಿದ.

"ಅಮ್ಮಾ, ತಪ್ಪಾಯ್ತು ಅಮ್ಮಾ. ನಾನು ಬಂದೆ. ಅಣ್ಣ ಬರಲಿಲ್ಲ."

"ಬದುಕಿರೋದಕ್ಕೆ ತಪ್ಪಾಯ್ತು ಅಂತಾರೇನೋ, ಮುಠ್ಠಾಳ!" ಎಂದು ಅವನ ಭುಜಕ್ಕೆ ಒಂದು ಬಿಟ್ಟೆ. ಬಿಟ್ಟ ಕೈ ಅಲ್ಲೇ ಉಳಿಯಿತು. ಅವನ ಮೈ ಇನ್ನೂ ತಣ್ಣಗಿತ್ತು.

ನಿಧಾನಕ್ಕೆ ಹೇಳಿದ. ರಾತ್ರಿಯೆಲ್ಲ ಇಬ್ಬರೂ ಮಗುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡಿದ್ದರಂತೆ. ಚಳಿಗೆ ವರ್ಸಿತೊನಿಗೆ ಜೊಂಪು ಹತ್ತುತ್ತಿತ್ತು. ಮಲಗಿದರೆ ಕೈ ಜಾರುತ್ತದೆ. ಮಾನ್ಸು ಅವನ ಕೆನ್ನೆಗೆ ಹೊಡೆದು ಹೊಡೆದು ಎಬ್ಬಿಸುತ್ತಿದ್ದನಂತೆ.

"ಇನ್ನೂ ಕತ್ತಲಿತ್ತು ಅಮ್ಮಾ. ಆಗ ಅಣ್ಣ ಅಂದ್ರು, 'ಲೇ, ಅಮ್ಮ ಎದ್ದಳು ನೋಡು. ಜಾಡಿ ಮುಚ್ಚಳ ತೆಗೆದಳು. ಇದು ನನ್ನ ಚಮಚ. ಇದು ಅವಳದು. ಇದು ನಿಂದು. ಅವಳು ಮುಚ್ಚಳ ಹಾಕೋ ತನಕ ನಿದ್ದೆ ಮಾಡಿದ್ರೆ ನಿನ್ನ ಹಲ್ಲು ಉದುರಿಸ್ತೀನಿ.' ನಗ್ತಾನೇ ಹೇಳಿದ್ರು. ಮತ್ತೆ ಮೊದಲಿಂದ ಹೇಳಿದ್ರು. ಮತ್ತೆ ಮತ್ತೆ ಹೇಳ್ತಾನೇ ಇದ್ರು. ಆಮೇಲೆ ಒಂದು ದೊಡ್ಡ ಅಲೆ ಬಂತು."

ದೇವರಿಗೆ ಅಜೀರ್ಣ ಎಂದು ಹಂಗಿಸುತ್ತಿದ್ದ ಮಗ ನನ್ನ ಚಮಚದ ಲೆಕ್ಕವನ್ನು ಇಷ್ಟು ಸರಿಯಾಗಿ ಇಟ್ಟುಕೊಂಡಿದ್ದ. ನಾನು ನೆಲದ ಮೇಲೆ ಕುಸಿದು ಕುಳಿತು ಗಟ್ಟಿಯಾಗಿ ಅತ್ತೆ. ಚರ್ಚಿನಲ್ಲಿ ಏಳದ ಗಂಟಲು ಅಲ್ಲಿ ಎದ್ದಿತು. ನರ್ಸ್ ಓಡಿ ಬಂದಳು.

ಮಾನ್ಸು ಸಿಗಲೇ ಇಲ್ಲ. ಹುಡುಕಾಟ ನಿಲ್ಲಿಸಿದೆವೆಂದು ಕಾವಲಿನವರು ಬಂದು ತಲೆ ತಗ್ಗಿಸಿ ಹೇಳಿದರು. ನಾನು ಮುಂಜಾನೆಯ ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟೆ, ಒಲೆ ಹೊತ್ತಿಸುವುದನ್ನೂ ಬಿಟ್ಟೆ. ಒಕ್ಬುನ್ ತಂದಿಟ್ಟ ಗಂಜಿ ಆರಿ ಕೆನೆಗಟ್ಟುತ್ತಿತ್ತು. ಪಾಸ್ಟರ್ ಅಯ್ಯನವರು ಬಂದಾಗ ನೇರವಾಗಿ ಹೇಳಿದೆ. "ಅಯ್ಯನೋರೇ, ನಾನು ನಿಮ್ಮ ದೇವರ ಹತ್ರ ಟೂ ಬಿಟ್ಟಿದೀನಿ. ನೀನೇ ನೋಡ್ಕೋ ಅಂದೆ, ಹೀಗಾ ನೋಡ್ಕೊಳ್ಳೋದು?"

ಅವರು ಉಪದೇಶ ಮಾಡಲಿಲ್ಲ. "ಟೂ ಬಿಟ್ಟಿರೋದನ್ನ ಅವನಿಗೇ ಹೇಳಿದೀರಾ, ಅಮ್ಮಾ?" ಎಂದು ಕೇಳಿದರು.

"ದಿನಾ ಹೇಳ್ತಿದೀನಿ."

"ಹೇಳ್ತಾ ಇರಿ" ಎಂದು ಎದ್ದು ಹೋದರು.

ವರ್ಸಿತೊನನ್ನು ಆಸ್ಪತ್ರೆಯಿಂದ ಬಿಟ್ಟರು. ಅವನಿಗೆ ಹೋಗಲು ಬೇರೆ ಮನೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ, ಹೊಡೆಸಿಕೊಳ್ಳಲು ಬಂದವನ ಹಾಗೆ ಮುದುಡಿ ಕುಳಿತಿದ್ದ. ಹಸಿದ ಹೊಟ್ಟೆ ಕಣ್ಣೆದುರು ಕುಳಿತಿರುವಾಗ ಮುನಿಸು ಎಷ್ಟು ಹೊತ್ತು ನಡೆಯುತ್ತದೆ? ಕೈ ತೊಳೆದು ಜಾಡಿಯ ಮುಚ್ಚಳ ತೆಗೆದೆ.

ವರ್ಸಿತೊ ಎಂದು ಒಂದು ಚಮಚ ಹಾಕಿದೆ. ನನ್ನದೊಂದು ಹಾಕಿದೆ. ಮೂರನೆಯದು ಜಾಡಿಯ ಬಾಯಲ್ಲೇ ನಿಂತಿತು. ಸತ್ತವರ ಹೆಸರಿಗೆ ಚಮಚ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹೋದವರನ್ನು ದೇವರು ನೋಡಿಕೊಳ್ಳುತ್ತಾನೆ, ಅವರಿಗಾಗಿ ಬೇಡಬಾರದು ಎನ್ನುತ್ತಾರೆ. ಹಾಕಲಾರೆ, ವಾಪಸು ಸುರಿಯಲಾರೆ. ಮುಚ್ಚಳ ಹಾಕಿಬಿಡೋಣವೆಂದರೆ ಅದಕ್ಕೂ ಕೈ ಬರಲೊಲ್ಲದು.

"ಅಣ್ಣಂದು, ಅಮ್ಮಾ" ಎಂದ ವರ್ಸಿತೊ ಮೆಲ್ಲಗೆ.

"ಅವನು ಈಗ ನನ್ನ ಚಮಚದಲ್ಲಿಲ್ಲ ಕಣೋ. ಅವನನ್ನ ಆವತ್ತೇ ಕೊಟ್ಟಾಗಿದೆ. ಕೊಟ್ಟದ್ದನ್ನ ಮತ್ತೆ ಮತ್ತೆ ಎಳೆಯಬಾರದು." ಕಣ್ಣೀರು ಅಕ್ಕಿಗೆ ಬೀಳದಿರಲೆಂದು ಮುಖ ಆಚೆ ತಿರುಗಿಸಿದೆ. ಚಮಚ ಮಾತ್ರ ಹಾಗೇ ಹಿಡಿದುಕೊಂಡಿದ್ದೆ.

"ನಿಮ್ಮಮ್ಮನ ಹೆಸರೇನೋ?"

ಅವನು ಮಿಕಿಮಿಕಿ ನೋಡಿದ.

"ಏನ್ ನೋಡ್ತಿದೀಯಾ? ಬೇಗ ಹೇಳು, ಕೈ ನೋಯ್ತಿದೆ."

"ಸುಮಿಯಾತಿ" ಎಂದ.

ಸುಮಿಯಾತಿ ಎಂದು ಹೇಳಿ, ಮೂರನೇ ಚಮಚವನ್ನು ಚೀಲಕ್ಕೆ ಹಾಕಿದೆ.