ಅಮ್ಮನ ಕಿವಿಯಲ್ಲಿ ಮಗಳ ದನಿ

ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಕ್ಕೆ ಪರದೇಶದವರು ಬಂದರೆ ದುಭಾಷಿಯಾಗಿ ಅವಳನ್ನೇ ಕರೆಯುವುದು ವಾಡಿಕೆ. ಸಭಾಂಗಣದ ಹಿಂಬದಿಯ ಗಾಜಿನ ಕೋಣೆಯಲ್ಲಿ ಕೂತು, ವೇದಿಕೆಯ ಮಾತು ಕಿವಿಗೆ ಬಿದ್ದಂತೆಲ್ಲ ಊರಿನ ಭಾಷೆಗೆ ತಿರುಗಿಸಿ ಮೈಕಿಗೆ ಹೇಳುತ್ತಿದ್ದಳು. ಕೇಳುಗರ ಹೆಡ್‌ಫೋನಿನಲ್ಲಿ ಬರುವುದು ಅವಳ ದನಿ. "ಅದೇನು ಕೆಲಸವೋ ನಿಂದು, ಒಂದ್ಸಲನಾದ್ರೂ ನೋಡ್ಬೇಕು" ಎಂದು ಅಮ್ಮ ಜೀವ ತಿನ್ನುತ್ತಿದ್ದಳು. ಈ ಸಲ ಬಂದವನು ಪರದೇಶದ ಒಬ್ಬ ಇತಿಹಾಸಕಾರ, ವಿಷಯ ನದಿಗಳು ಮತ್ತು ನಗರಗಳು. ಅಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು.

ಮಾತು ಸಲೀಸಾಗಿ ಸಾಗಿತ್ತು. ಅಷ್ಟರಲ್ಲಿ ಇತಿಹಾಸಕಾರ ಪರದೆಯ ಮೇಲೆ ಒಂದು ಹಳೆಯ ಚಿತ್ರ ತೋರಿಸಿದ. ನಡುವೆ ಮುರಿದು ನೀರಿಗೆ ಬಾಗಿದ ಸೇತುವೆ, ಇದೇ ಊರಿನದು. ಮೊದಲೇ ಕಳಿಸಿದ್ದ ಟಿಪ್ಪಣಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಅದು ಎಂಜಿನಿಯರಾಗಿದ್ದ ಅಪ್ಪ ಕಟ್ಟಿಸಿದ ಸೇತುವೆ. ಅವಳು ಇನ್ನೂ ಚಿಕ್ಕವಳಿದ್ದಾಗ ಅದು ಕುಸಿದು, ಬಸ್ಸೊಂದು ಜನರ ಸಮೇತ ನೀರುಪಾಲಾಗಿತ್ತು. ಅಪ್ಪ ಕೆಲಸ ಕಳೆದುಕೊಂಡ, ಮನೆ ಸೇರಿದ, ಬೇಗನೆ ತೀರಿಹೋದ. ಹೊಳೆ ತುಂಬಿ ಬಂತು, ಸೇತುವೆ ಕೊಚ್ಚಿಹೋಯಿತು. ಮನೆಯಲ್ಲಿ ಹೇಳುತ್ತಿದ್ದದ್ದು ಇಷ್ಟೇ. ಬೆಳೆದ ಮೇಲೆ ಅವಳಿಗೆ ಅನುಮಾನ ಬಂದರೂ ಕೆದಕಲಿಲ್ಲ. ಅಮ್ಮನಾದರೂ ಹಾಗೇ ನಂಬಿಕೊಂಡಿರಲಿ ಎಂದುಕೊಂಡಿದ್ದಳು.

"ಕಂಬ ಬಿರುಕು ಬಿಟ್ಟಿದ್ದು ಎಂಜಿನಿಯರಿಗೆ ಗೊತ್ತಿತ್ತು" ಎಂದ ಇತಿಹಾಸಕಾರ. "ಗೊತ್ತಿದ್ದೂ ಸೇತುವೆ ಭದ್ರವಾಗಿದೆ ಎಂದು ಸಹಿ ಹಾಕಿದ."

ಅವಳ ನಾಲಿಗೆ ಮೇಲೇಳಲಿಲ್ಲ. ಸಭೆಯಲ್ಲಿ ಒಬ್ಬಿಬ್ಬರು ಹೆಡ್‌ಫೋನನ್ನು ತಟ್ಟಿ ನೋಡಿದರು. ಕೋಣೆಯಲ್ಲಿ ಪಕ್ಕದಲ್ಲಿದ್ದ ಜೊತೆಗಾರ ದುಭಾಷಿ ಪಿಸುಗುಟ್ಟಿದ: "ನಾನು ತಗೊಳ್ಲಾ?"

ಎಂಜಿನಿಯರ್ ಎನ್ನುವ ಕಡೆ ಅಧಿಕಾರಿಗಳು ಎಂದರೆ ಸಾಕು, ಯಾರಿಗೆ ತಿಳಿದೀತು ಎಂದು ಅವಳಿಗೊಮ್ಮೆ ಅನ್ನಿಸಿತು. ಅಷ್ಟರಲ್ಲಿ ಅಮ್ಮ ಹಿಂದಕ್ಕೆ ತಿರುಗಿ ಗಾಜಿನತ್ತ ನೋಡಿದಳು. ಕಣ್ಣು ಕದಲಿಸಲಿಲ್ಲ.

ಅವಳು ಜೊತೆಗಾರನಿಗೆ ಬೇಡವೆಂದು ತಲೆಯಾಡಿಸಿ, ಮೈಕನ್ನು ಹತ್ತಿರಕ್ಕೆಳೆದು, ಆತ ಹೇಳಿದ್ದನ್ನು ಹೇಳಿದಂತೆಯೇ ಹೇಳಿದಳು. ಒಂದು ಮಾತೂ ಬಿಡಲಿಲ್ಲ.

ಪ್ರಶ್ನೆಗಳ ಹೊತ್ತಿಗೆ ಮೊದಲು ಎದ್ದದ್ದು ಅಮ್ಮನ ಕೈ. ದುಭಾಷಿಯ ಕೆಲಸದಲ್ಲಿ ಎದುರಿನವರು 'ನಾನು' ಎಂದರೆ ತಾನೂ 'ನಾನು' ಎನ್ನಬೇಕು. ಅವಳು ಅಮ್ಮನ ಮಾತನ್ನು ಇತಿಹಾಸಕಾರನ ಭಾಷೆಗೆ ತಿರುಗಿಸತೊಡಗಿದಳು.

"ಆ ಎಂಜಿನಿಯರ್ ನನ್ನ ಗಂಡ" ಎಂದಳು ಅಮ್ಮ. ನನ್ನ ಗಂಡ, ಎಂದಳು ಮಗಳು ಗಾಜಿನೊಳಗಿಂದ.

"ಸಹಿ ಹಾಕಿದ್ದು ನಿಜ. ಮೇಲಿನವ್ರು ಕುತ್ತಿಗೆ ಮೇಲೆ ಕೂತಿದ್ರು, ಇವ್ರು ಹೆದರಿ ಹಾಕಿದ್ರು. ಅದನ್ನ ಅಳಿಸಿ ಅಂತ ನಾನು ಹೇಳಲ್ಲ. ಆದ್ರೆ ಆಮೇಲೆ ಅವ್ರು ಸತ್ತವ್ರ ಮನೆ ಒಂದೂ ಬಿಡದೆ ಹೋದ್ರು. ನಾನೂ ಹೋದೆ. ಒಂದು ಮನೇಲಿ ಇವ್ರ ಮುಖಕ್ಕೆ ಉಗಿದ್ರು. ಇವ್ರು ಒರೆಸ್ಕೊಳ್ದೆ ನಿಂತಿದ್ರು. ಬರೆಯೋದಾದ್ರೆ ಅದನ್ನೂ ಬರೀರಿ."

ಮಗಳು ಕೊನೆಯ ಮಾತಿನವರೆಗೂ ತಿರುಗಿಸಿ ಮುಗಿಸಿದಳು. ಇತಿಹಾಸಕಾರ ಬರೆದುಕೊಳ್ಳುವುದನ್ನೂ ಮರೆತು ನಿಂತಿದ್ದ.

ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಎದ್ದರು. "ನಮ್ಮನೆಗೂ ಬಂದಿದ್ರು. ನಾವು ಬಾಗಿಲು ತೆಗೀಲಿಲ್ಲ" ಎಂದಷ್ಟೇ ಹೇಳಿ ಕೂತರು. ಅದನ್ನೂ ಅವಳು ಹೇಳಿದಳು.

ಸಭೆ ಮುಗಿದೊಡನೆ ಓಡಿಬಂದು ಅಮ್ಮನ ತೋಳು ಹಿಡಿದಳು. "ಇಷ್ಟು ವರ್ಷ ನನಗ್ಯಾಕಮ್ಮ ಹೇಳ್ಲಿಲ್ಲ?"

"ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ. ನಡುವೆ ಬಾಯಿ ಕಟ್ಕೊಂಡು ಕೂತ್ಯಲ್ಲ, ಎಲ್ಲಿ ಸುಳ್ಳು ಹೇಳ್ಬಿಡ್ತೀಯೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು."

ಹೊರಬಾಗಿಲ ಮೆಟ್ಟಿಲ ಮೇಲೆ ಆ ವಯಸ್ಸಾದವರು ಒಬ್ಬರೇ ನಿಂತಿದ್ದರು. ಹೋಗುವ ಆತುರ ಇದ್ದಂತಿರಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಅವರತ್ತ ನಡೆದಳು. ಮಗಳೂ ಜೊತೆಗೆ ಹೋದಳು.