ಬಗಲಚೀಲದೊಳಗಿನ ರೊಟ್ಟಿ

ಮರೆಪ್ಪ ಚೀಲದ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಬಿಳಿ ಅರಿವೆಯ ಗಂಟನ್ನಿಟ್ಟು ಬಿಚ್ಚತೊಡಗಿದಾಗ ಅಂಗಡಿಯ ಲಾಡಲೇಸಾಬ ಹೊಲಿಗೆ ಮಷಿನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದ. ಗಂಟಿನಿಂದ ಆರು ಕಡಕ್ ರೊಟ್ಟಿಗಳು ಹೊರಬಂದವು. ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ. ಬೆರಳು ಸ್ವಲ್ಪ ಜೋರಾಗಿ ತಾಗಿದರೂ ಮುರಿಯುವಷ್ಟು ತೆಳ್ಳಗಿನವು.

"ಕಾಕಾ, ನಂದು ಊಟ ಆಗೇತ್ರಿ," ಎಂದ ಲಾಡಲೇಸಾಬ.

"ನಿನಗಲ್ಲೋ ಮಾರಾಯ. ಇವು ಚೀಲಕ್ಕ."

"ಚೀಲ ರೊಟ್ಟಿ ತಿಂತಾವೇನ್ರಿ?"

ಸುಮಂಗಲಾ ಮುಖ ತಿರುಗಿಸಿ ರಸ್ತೆಯ ಕಡೆ ನೋಡಿದಳು. ಸೊಲ್ಲಾಪುರ ರಸ್ತೆಯಲ್ಲಿ ಮಧ್ಯಾಹ್ನದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಪಕ್ಕದ ಗ್ಯಾರೇಜಿನವರು ಕೈಯೊಳಗಿನ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಇತ್ತ ನೋಡುತ್ತಿದ್ದರು. "ಮುತ್ಯಾ, ಮಂದಿ ನೋಡಾಕತ್ತಾರ," ಎಂದಳು ಮೆಲ್ಲಗೆ.

"ನೋಡ್ಲಿ ಬಿಡ. ರೊಟ್ಟಿ ನೋಡದ ಮಂದೀನ?"

ಸುಮಂಗಲಾ ಮರೆಪ್ಪನ ಮಗ ಪರಮೇಶ್ವರನ ಹಿರಿಯ ಮಗಳು. ಊರಿನ ಕಣ್ಣಿನ ಆಸ್ಪತ್ರೆಯೊಂದಕ್ಕೆ ಸೇರಿ ಎರಡು ತಿಂಗಳು ಕೆಲಸ ಕಲಿತಿದ್ದಳು. ಹಳ್ಳಿಗಳಿಗೆ ಸ್ಕೂಟಿಯಲ್ಲಿ ಹೋಗಿ, ವಯಸ್ಸಾದವರ ಕಣ್ಣಿನ ಒಳಗಿನ ಫೋಟೊ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ ಡಾಕ್ಟರಿಗೆ ಕಳಿಸುವ ಕೆಲಸ. ಕೈಯಲ್ಲಿ ಹಿಡಿಯುವ ಆ ಕ್ಯಾಮೆರಾ ಆಸ್ಪತ್ರೆಯಲ್ಲಿ ಎರಡೇ ಇದ್ದವು. ಆಕೆಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದ ಕುನಾಲ ಚೀಲವನ್ನು ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗಿ, ದಾರಿಯ ಉಬ್ಬೊಂದರ ಮೇಲೆ ಒಂದನ್ನು ಒಡೆದುಕೊಂಡು ಬಂದಿದ್ದ. ಈಗ ಅವನು ಆಸ್ಪತ್ರೆಯ ಬಾಗಿಲಲ್ಲಿ ಕೂತು ಚೀಟಿ ಬರೆಯುತ್ತಾನೆ. "ಇದೂ ಒಡದ್ರ ಹಳ್ಳಿ ತಪಾಸಣೆ ಬಂದ್ ಮಾಡೂದ ನೋಡ ಸುಮಂಗಲಾ. ನಿನ್ನ ಕೆಲಸಾನೂ ಅದರ ಜೋಡಿನ," ಎಂದು ವಿದ್ಯಾವತಿ ಡಾಕ್ಟರು ನಗುನಗುತ್ತ ಹೇಳಿದ್ದರು. ಸಿಟ್ಟಿನಿಂದ ಹೇಳಿದ್ದರೆ ಮರೆತುಬಿಡುತ್ತಿದ್ದಳೋ ಏನೋ. ನಗುತ್ತ ಹೇಳಿದ್ದು ಎದೆಯಲ್ಲಿ ಕೂತುಬಿಟ್ಟಿತ್ತು. ಸೋಮವಾರ ಬಬಲೇಶ್ವರದಲ್ಲಿ ಆಕೆ ಒಬ್ಬಳೇ ಮಾಡುವ ಮೊದಲ ತಪಾಸಣೆ. ಇವತ್ತು ಶನಿವಾರ.

ಬೆನ್ನಿಗೆ ಹಾಕುವ ಚೀಲ ಆಕೆಗೆ ಬೇಡವಾಗಿತ್ತು. ಪ್ರತಿ ಸಲ ಇಳಿಸಿ, ನೆಲಕ್ಕಿಟ್ಟು, ಧೂಳಿನಲ್ಲಿ ಬಿಚ್ಚಬೇಕು. ಬಗಲಿಗೆ ಹಾಕಿಕೊಂಡರೆ ನಿಂತಲ್ಲೇ ತೆರೆದು ಕ್ಯಾಮೆರಾ ತೆಗೆಯಬಹುದು, ಕಣ್ಣಿನ ಹನಿ ತೆಗೆಯಬಹುದು. ಹಾಗೆಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಬಗಲಚೀಲದ ಮಾತು ಬಂದ ಮೇಲೆ ಮರೆಪ್ಪನನ್ನು ಜಲನಗರದ ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ.

ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವನು ಮರೆಪ್ಪ. ಆಮೇಲೆ ಮೂವತ್ತೊಂದು ವರ್ಷ ತಿಕೋಟಾದಿಂದ ಸುತ್ತಲಿನ ಹಳ್ಳಿಗಳಿಗೆ ಟಪಾಲು ಚೀಲ ಹೊತ್ತ. ಮೊದಲು ನಡಿಗೆ, ನಂತರ ಸೈಕಲ್ಲು. ಯಾರ ಮನೆಗೆ ಯಾವ ಕಾಗದ ಬಂದಾಗ ಯಾರು ಅತ್ತರು, ಯಾರು ಸಕ್ಕರೆ ಕೊಟ್ಟರು ಎಂಬುದೆಲ್ಲ ಅವನಿಗೆ ಇನ್ನೂ ನೆನಪಿತ್ತು. ಲಾಡಲೇಸಾಬನ ಅಪ್ಪ ಮಶಾಕಸಾಬನಿಗೆ ಸೊಲ್ಲಾಪುರದ ಅಕ್ಕನಿಂದ ಪ್ರತಿ ರಮಜಾನಿನ ಮುಂದೆ ಬರುತ್ತಿದ್ದ ಕಾರ್ಡಿನ ಅಕ್ಷರ ಎಡಕ್ಕೆ ವಾಲಿರುತ್ತಿತ್ತು ಎಂಬುದೂ ನೆನಪಿತ್ತು.

ಬೆಳಿಗ್ಗೆ ಹೆಂಡತಿ ಪರಸವ್ವ, "ಆ ಮಷಿನ್ ಅಷ್ಟ ನಾಜೂಕೇನ ಬೇ?" ಎಂದು ಮೊಮ್ಮಗಳನ್ನು ಕೇಳಿದ್ದಳು. "ಕಡಕ್ ರೊಟ್ಟಿ ಇದ್ದಂಗ, ಆಯಿ," ಎಂದಿದ್ದಳು ಸುಮಂಗಲಾ, ಸುಮ್ಮನೆ ಬಾಯಿಗೆ ಬಂದದ್ದು. ಮರೆಪ್ಪ ಅದನ್ನು ಸುಮ್ಮನೆ ಕೇಳಿರಲಿಲ್ಲ.

ಹದಿನೈದು ಚೀಲ ಇಳಿಸಿ, ಒಳಗೆ ಕೈ ಹಾಕಿ, ಹೊಲಿಗೆ ಜಗ್ಗಿ, ಮೂಸಿ ಸಹ ನೋಡಿದ ಮೇಲೆ ಕಟ್ಟೆಯ ಮೇಲೆ ಎರಡು ಉಳಿದಿದ್ದವು. ಒಂದು ಕಂಪನಿಯ ಕರಿ ಚೀಲ. ಒಳಗೆಲ್ಲ ಮೆತ್ತನೆಯ ಫೋಮು, ಆರು ಜೇಬು. ಅದು ಸುಮಂಗಲಾಳ ಆಯ್ಕೆ. ಇನ್ನೊಂದು ಲಾಡಲೇಸಾಬನೇ ಲಾರಿಯ ತಾಡಪತ್ರಿಯಿಂದ ಹೊಲಿದದ್ದು. ಹಸಿರು ಬಣ್ಣ, ಎಮ್ಮೆಯ ಚರ್ಮದಷ್ಟು ಗಟ್ಟಿ. ಅದು ಮರೆಪ್ಪನದು. ಅದನ್ನು ಮುಟ್ಟಿದಾಗಿನಿಂದ ಅವನ ಕೈ ಅದರ ಮೇಲೇ ಇತ್ತು.

"ಇದಕ್ಕ ಮಳಿ ಹತ್ತೂದಿಲ್ಲ, ಮುಳ್ಳ ಹತ್ತೂದಿಲ್ಲ. ನಾಯಿ ಕಡದ್ರ ನಾಯಿ ಹಲ್ಲ ಹೋಗ್ತಾವ," ಎಂದ.

"ನಾಯಿ ಕಡ್ಯಾಕ ಯಾಕ ಬರ್ತೈತಿ ಮುತ್ಯಾ? ನಾ ಕಣ್ಣ ನೋಡಾಕ ಹೊಂಟೇನಿ."

"ಚೀಲ ಹೊತ್ತವರನ್ನ ನಾಯಿ ಬಿಡೂದಿಲ್ಲ. ಅದು ನಿನ್ನ ಪುಸ್ತಕದಾಗ ಇರೂದಿಲ್ಲ."

ಹೀಗಾಗಿ ರೊಟ್ಟಿಯೇ ಪಂಚಾಯತಿ ಮಾಡಬೇಕಾಯಿತು. ಒಂದೊಂದು ಚೀಲದಲ್ಲಿ ಮೂರು ಮೂರು ರೊಟ್ಟಿ. ಇಟ್ಟಂಗಿಹಾಳದ ತನಕ ಸ್ಕೂಟಿಯ ಮೇಲೆ ಹೋಗಿ ಬರುವುದು. ಯಾವುದರೊಳಗಿನ ರೊಟ್ಟಿ ಇಡಿಯಾಗಿ ತಿರುಗಿ ಬರುತ್ತವೋ ಆ ಚೀಲ.

"ನಾವು ಚೀಲ ತಗೊಂಡ ಹಂಗ ಓಡಿ ಹೋದ್ರ ಏನ್ ಮಾಡ್ತಿ?" ಎಂದು ಕೇಳಿದ ಮರೆಪ್ಪ.

"ಬಡಿಗಿ ಇಟ್ಟ ಹೋಗ್ರಿ ಕಾಕಾ. ಬಡಿಗಿ ಬಿಟ್ಟ ನೀವು ಎಷ್ಟ ದೂರ ಓಡ್ತೀರಿ ನೋಡೂಣು," ಎಂದು ಲಾಡಲೇಸಾಬ ಅವನ ಊರುಗೋಲನ್ನು ಇಸಿದುಕೊಂಡು ಮಷಿನ್ನಿಗೆ ಆನಿಸಿದ.

ಎರಡು ಬಗಲಿಗೆ ಎರಡು ಚೀಲ ಹಾಕಿಕೊಂಡು ಮರೆಪ್ಪ ಹಿಂದೆ ಕೂತ. ಗ್ಯಾರೇಜಿನವನೊಬ್ಬ, "ಮುತ್ಯಾ, ಹೇರು ಜೋರೈತಿ!" ಎಂದು ಕೂಗಿದ. ಮರೆಪ್ಪ ಕೈ ಎತ್ತಿದ, ಮೆರವಣಿಗೆಯಲ್ಲಿ ಹೊರಟವನ ಹಾಗೆ.

ಡಾಂಬರು ಮುಗಿದು ಗರಸಿನ ದಾರಿ ಬಂತು. ಸುಮಂಗಲಾ ಬೇಕೆಂದೇ ಒಂದು ತಗ್ಗನ್ನೂ ಬಿಡಲಿಲ್ಲ. "ಹಾದೀನ ನೋಡಾಕತ್ತೀಯೋ, ತಗ್ಗ ಹುಡುಕಾಕತ್ತೀಯೋ?" ಎಂದು ಹಿಂದಿನಿಂದ ಕೂಗು ಬಂತು. ಜೋಳದ ಹೊಲಗಳ ಮೇಲಿಂದ ಗಾಳಿ ಬೀಸುತ್ತಿತ್ತು. ಪ್ರತಿ ತಗ್ಗಿಗೂ ಕರಿ ಚೀಲದ ಪಟ್ಟಿ ಮರೆಪ್ಪನ ಹೆಗಲಿನಿಂದ ಜಾರುತ್ತಿತ್ತು. ಅದನ್ನು ಅವನು ಎಡಗೈಯಲ್ಲಿ ಬಿಗಿಹಿಡಿದು ಕೂತಿದ್ದ. ಹಸಿರು ಚೀಲ ಮಾತ್ರ ಬಗಲಿಗೆ ಅಂಟಿದ ಹಾಗೆ ಕೂತಿತ್ತು.

ಇಟ್ಟಂಗಿಹಾಳದ ಚಹಾದ ಅಂಗಡಿಯ ಮುಂದೆ ನಿಂತರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಸುಮಂಗಲಾ ಮಾತಾಡುತ್ತ ಬೇವಿನ ಗಿಡದ ಆಚೆ ಹೋದಳು. ಮರೆಪ್ಪ ಬೆಂಚಿನ ಮೇಲೆ ಕೂತು ಮೊದಲು ಕರಿ ಚೀಲ ತೆರೆದ. ಮೂರೂ ರೊಟ್ಟಿ ಇಡಿಯಾಗಿದ್ದವು. ಅಂಚು ಸಹ ಉದುರಿರಲಿಲ್ಲ. ನಂತರ ಹಸಿರು ಚೀಲದೊಳಗೆ ಕೈ ಹಾಕಿದ. ಬೆರಳಿಗೆ ಚೂರು ಹತ್ತಿದವು.

ಒಂದು ಉಳಿದಿತ್ತು. ಎರಡು ನುಚ್ಚಾಗಿದ್ದವು.

ಅವನು ಚೀಲದೊಳಗೇ ಕೈ ಇಟ್ಟುಕೊಂಡು ಬೇವಿನ ಗಿಡದ ಕಡೆ ನೋಡಿದ. ಮೊಮ್ಮಗಳ ಬೆನ್ನು ಕಾಣುತ್ತಿತ್ತು. ಒಂದು ಹಿಡಿ ಚೂರು ತೆಗೆದು ಬಾಯಿಗೆ ಹಾಕಿಕೊಂಡ. ಹಲ್ಲಿಲ್ಲದ ಬಾಯಿಯಲ್ಲಿ ಕಡಕ್ ರೊಟ್ಟಿ ಮೆತ್ತಗಾಗಲು ತನ್ನ ಹೊತ್ತು ತಾನು ತೆಗೆದುಕೊಳ್ಳುತ್ತದೆ. ಇನ್ನೊಂದು ಹಿಡಿಯನ್ನು ಚಹಾದಲ್ಲಿ ಅದ್ದಿದ. ಉಳಿದದ್ದನ್ನು ಕಾಲ ಬಳಿ ಸುಳಿಯುತ್ತಿದ್ದ ಕೋಳಿಗಳಿಗೆ ಚೆಲ್ಲಿದ. ಕೋಳಿಗಳು ಸಾಕ್ಷಿಯನ್ನು ಒಂದು ಎಳ್ಳೂ ಬಿಡದೆ ಆರಿಸಿದವು.

"ನೋಡಿದೇನು?" ಎಂದು ಕೇಳಿದಳು ಸುಮಂಗಲಾ, ತಿರುಗಿ ಬಂದು.

ಮರೆಪ್ಪ ಬಾಯಿ ಮುಚ್ಚಿಕೊಂಡೇ ಇಲ್ಲವೆಂದು ತಲೆ ಅಲ್ಲಾಡಿಸಿದ. ಲಾಡಲೇಸಾಬನ ಅಂಗಡಿಯಲ್ಲೇ ತೆಗೆಯೋಣ ಎಂಬಂತೆ ಕೈ ಮಾಡಿದ.

ತಿರುಗಿ ಬರುವಷ್ಟರಲ್ಲಿ ಲಾಡಲೇಸಾಬ ಅಂಗಡಿಯ ಕಟ್ಟೆ ಒರೆಸಿಟ್ಟಿದ್ದ. ಗ್ಯಾರೇಜಿನವರೂ ಬಂದು ನಿಂತಿದ್ದರು. ಕರಿ ಚೀಲದಿಂದ ಮೂರು ಇಡೀ ರೊಟ್ಟಿ ಬಂದವು. ಹಸಿರು ಚೀಲದಿಂದ ಒಂದು ಇಡೀ ರೊಟ್ಟಿ ಬಂತು. ಸುಮಂಗಲಾ ಚೀಲವನ್ನು ಬೋರಲು ಹಾಕಿ ಬಡಿದಳು. ಏನೂ ಬೀಳಲಿಲ್ಲ.

"ಮೂರ ಇಟ್ಟಿದ್ನಿ. ಎರಡ ಎಲ್ಲಿ ಹೋದ್ವು?"

"ಹಸಿವಾಗಿತ್ತ ಬೇ," ಎಂದ ಮರೆಪ್ಪ.

"ಬಾಯಾಗ ಒಂದ ಹಲ್ಲಿಲ್ಲ. ಎರಡ ಕಡಕ್ ರೊಟ್ಟಿ ಹತ್ತ ನಿಮಿಷದಾಗ ತಿಂದ್ಯಾ?"

ಗ್ಯಾರೇಜಿನವರು ಕಿಸಕ್ಕೆಂದರು. ಲಾಡಲೇಸಾಬ ಕಟ್ಟೆಯ ಮೇಲಿಂದ ಬಾಗಿ, ಕಣ್ಣು ಕಿರಿದು ಮಾಡಿ, ಮರೆಪ್ಪನ ಬಿಳಿ ಮೀಸೆಯನ್ನೇ ನೋಡಿದ. "ಕಾಕಾ, ಮೀಸ್ಯಾಗ ಎಳ್ಳ ಬಿತ್ತೀರೇನ್ರಿ? ಹಂಗಾಮ ಚಲೋ ಐತಿ."

ಮರೆಪ್ಪ ಮೀಸೆ ಒರೆಸಿಕೊಂಡ. ಊರುಗೋಲಿಗಾಗಿ ಕೈ ಚಾಚಿದ, ಲಾಡಲೇಸಾಬ ಕೊಟ್ಟ. ಅದನ್ನು ಹಿಡಿದುಕೊಂಡ ಮೇಲೆ ನಿಜ ಹೇಳುವುದು ಸಲೀಸಾಯಿತೋ ಏನೋ.

"ಒಡದಿದ್ವು," ಎಂದ. "ಎರಡೂ ಒಡದ ಪುಡಿ ಆಗಿದ್ವು. ಕೋಳಿಗೆ ಹಾಕೇನಿ."

"ಯಾಕ ಮುತ್ಯಾ?"

"ಮೂವತ್ತೊಂದ ವರ್ಷ ಇಂಥಾದ್ದ ಚೀಲ ಹೊತ್ತೇನವಾ. ಒಂದ ಕಾಗದ ಹಾಳಾಗಿಲ್ಲ. ಚೀಲ ಅಂದ್ರ ಹಿಂಗ ಇರಬೇಕಂತ ತಿಳದಿದ್ನಿ. ಈಗ ಅನಸ್ತೈತಿ, ಕಾಗದ ಒಡಿಯೂ ಸಾಮಾನಲ್ಲ. ಒಡಿಯೂದನ್ನ ನಾ ಹೊತ್ತೇ ಇಲ್ಲ."

ಸುಮಂಗಲಾ ಆತನ ಅಂಗಿಯ ಮೇಲೆ ಉಳಿದಿದ್ದ ಚೂರನ್ನು ಬೆರಳಿನಿಂದ ತೆಗೆದಳು. "ನಿನ್ನ ಮಾತ ಕೇಳಿ ಹಸರದ ತಗೊಂಡಿದ್ರ ಕ್ಯಾಮೆರಾನೂ ಕೋಳಿಗೆ ಹಾಕೂದಿತ್ತು," ಎಂದಳು. ಈಗ ಮರೆಪ್ಪನೇ ಮೊದಲು ನಕ್ಕ.

"ಕರೀದ ತಗೋ. ಆದ್ರ ಅದರ ಪಟ್ಟಿ ನಂಬೂಹಂಗಿಲ್ಲ," ಎಂದ ಆಮೇಲೆ.

"ಸೋತ ಮ್ಯಾಲ ಮತ್ತ ಹೊಸಾ ತಕರಾರೇನು?"

"ಬಗಲಿಗೆ ಹಾಕ್ಕೊಂಡ ಆ ಕಂಬದ ತನಕಾ ಓಡಿ ಬಾ. ಆಮ್ಯಾಲ ಮಾತಾಡ."

ಹಟಕ್ಕೆ ಬಿದ್ದು ಓಡಿದಳು. ಹೋಗುವಾಗ ಎರಡು ಸಲ, ಬರುವಾಗ ಮೂರು ಸಲ ಪಟ್ಟಿಯನ್ನು ಹೆಗಲ ಮೇಲೆ ಎಳೆದುಕೊಂಡಳು. ಲಾಡಲೇಸಾಬ ಪಟ್ಟಿಯ ಪ್ಲಾಸ್ಟಿಕ್ ಕೊಂಡಿಯನ್ನು ಒಮ್ಮೆ ಜಗ್ಗಿದ. ಕಟ್ ಎಂದು ಬಿಚ್ಚಿಕೊಂಡಿತು. ಸುಮಂಗಲಾ ಅವನ ಕೈಯಲ್ಲಿ ಉಳಿದ ಪಟ್ಟಿಯನ್ನೂ ಕೆಳಗೆ ಜೋತ ಚೀಲವನ್ನೂ ನೋಡಿದಳು. ಕುನಾಲ ಚೀಟಿ ಬರೆಯುವ ಮೇಜು ಆಕೆಯ ಕಣ್ಣ ಮುಂದೆ ಬಂತು.

"ನಾಳೆ ಮುಂಜಾನೆ ಅಂಗಡಿ ತೆರೀತೀಯೇನೋ?" ಎಂದು ಕೇಳಿದ ಮರೆಪ್ಪ.

"ಆಯ್ತವಾರ ರಜಾರಿ. ನಿಮಗಂದ್ರ ತೆರೀತೀನಿ."

"ಮಷಿನ್ನಿಗೆ ದಪ್ಪ ಸೂಜಿ ಹಾಕಿಟ್ಟಿರು."

ಮನೆಗೆ ಬಂದವನೇ ಮರೆಪ್ಪ ಚಪ್ಪಲಿ ಬಿಟ್ಟು ನೇರ ಬಾಗಿಲ ಹಿಂದಿನ ಮೊಳೆಯ ಕಡೆ ಹೋದ. ಅಲ್ಲಿ ಮಂಚಕ್ಕೆ ಹೆಣೆಯುವಂಥ ನವಾರದ ಪಟ್ಟಿಯೊಂದು ತೂಗುತ್ತಿತ್ತು. ಮೂರು ಬೆರಳಗಲ, ತುದಿಗೆ ಹಿತ್ತಾಳೆಯ ಕೊಂಡಿ. ಬಿಳಿ ಬಣ್ಣ ಬೆವರಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಸರಕಾರದ ಚೀಲದ ಪಟ್ಟಿ ಹೆಗಲು ಕೊರೆಯುತ್ತದೆಂದು ಅವನೇ ತಿಕೋಟಾದ ಸಂತೆಯಲ್ಲಿ ನವಾರ ಕೊಂಡು ಹೊಲಿಸಿಕೊಂಡದ್ದು. ನೌಕರಿ ಮುಗಿದ ದಿನ ಟಪಾಲು ಕಚೇರಿಯವರು ಚೀಲ ಕೇಳಿದಾಗ ಅಲ್ಲೇ ಕೂತು ಹೊಲಿಗೆ ಬಿಚ್ಚಿದ್ದ. "ಚೀಲ ಸರಕಾರದ್ರಿ, ಪಟ್ಟಿ ನಂದು," ಎಂದು ಹೇಳಿ ಬಂದಿದ್ದ.

ಪರಸವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಗಾದಿ ಕಟ್ಟಾಕ ಒಂದ ದಿನಕ್ಕ ಕೇಳಿದ್ರ ಕೊಟ್ಟಿರಲಿಲ್ಲ. ಹದಿಮೂರ ವರ್ಷ ಆತು. ಈಗ ಹ್ಯಾಂಗ ಇಳೀತು ಅದು?"

"ಗಾದಿ ಬಿದ್ರ ಒಡೀತೈತೇನ?" ಎಂದ ಮರೆಪ್ಪ.

ಮರುದಿನ ಆಯ್ತವಾರ ಲಾಡಲೇಸಾಬ ಕರಿ ಚೀಲಕ್ಕೆ ಆ ಪಟ್ಟಿಯನ್ನು ಎರಡು ಸುತ್ತು ದಪ್ಪ ದಾರದಲ್ಲಿ ಹೊಲಿದುಕೊಟ್ಟ. ಹೊಸ ಚೀಲಕ್ಕೆ ಹಳೆಯ ಪಟ್ಟಿ, ನೋಡಿದವರು ನಗುವ ಹಾಗಿತ್ತು. ಸುಮಂಗಲಾ ಹಾಕಿಕೊಂಡು ಕಂಬದ ತನಕ ಓಡಿ ಬಂದಳು. ಕೈ ಒಮ್ಮೆಯೂ ಹೆಗಲಿಗೆ ಹೋಗಲಿಲ್ಲ. "ಉದ್ದ ಆತೇನು?" ಎಂದು ಮರೆಪ್ಪ ಕೊಂಡಿಯನ್ನು ಒಂದು ತೂತು ಮೇಲೆ ಏರಿಸಿದ. ಆ ತೂತು ಲಾಡಲೇಸಾಬ ಈಗ ಹಾಕಿದ್ದು. ಅವನ ಎತ್ತರಕ್ಕೆ ಬೇಕಾಗಿರಲಿಲ್ಲ.

ಸೋಮವಾರ ಸುಮಂಗಲಾ ಏಳಕ್ಕೇ ಹೊರಟಳು. ಒಂಬತ್ತರಿಂದ ಮರೆಪ್ಪ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಪರಸವ್ವ ಚಹಾ ತಂದಿಟ್ಟಳು, ಅದು ಆರಿತು. "ಫೋನಿನ ಮ್ಯಾಲ ಕಾವಿಗೆ ಕುಂತ ಕೋಳಿ ಆಗೀರಿ ನೀವು," ಎಂದು ಒಳಗೆ ಹೋದಳು. ಹತ್ತೂವರೆಗೆ ಫೋನು ಹೊಡೆದುಕೊಂಡಿತು.

"ಮುತ್ಯಾ, ಮೂವತ್ತ ಮಂದಿ ಅದಾರ. ಹನ್ನೆರಡ ಮಂದೀದು ಫೋಟೊ ಆಗ್ಯಾವ. ಡಾಕ್ಟರು ಸ್ವಚ್ಛ ಬಂದಾವ ಅಂದ್ರು."

"ಅದಿರ್ಲಿ. ರೊಟ್ಟಿ?"

ಬೆಳಿಗ್ಗೆ ಕ್ಯಾಮೆರಾದ ಪಕ್ಕದ ಜೇಬಿನಲ್ಲಿ ಅವನೇ ಒಂದು ರೊಟ್ಟಿ ಇಟ್ಟು ಕಳಿಸಿದ್ದ. ಅತ್ತ ಕಡೆ ಅರಿವೆ ಬಿಚ್ಚುವ ಸಪ್ಪಳ ಕೇಳಿಸಿತು. ಯಾರೋ ಮುದುಕಿ, "ಏನವಾ, ರೊಟ್ಟಿ ಹಚ್ಚಿ ಕಣ್ಣ ನೋಡ್ತೀಯೇನು?" ಎಂದು ಕೇಳುತ್ತಿದ್ದಳು. ಸುಮಂಗಲಾ ನಗುತ್ತಿದ್ದಳು.

"ಕಿವಿ ಕೊಟ್ಟ ಕೇಳ ಮುತ್ಯಾ."

ಟಪ್ಪೆಂದು ಮುರಿಯಿತು. ಇಡೀ ರೊಟ್ಟಿ ಮೊದಲ ಸಲ ಮುರಿಯುವಾಗಿನ ಸಪ್ಪಳ ಅದು. ಬೇರೆ ಯಾವ ಮುರಿತಕ್ಕೂ ಹಾಗೆ ಬರುವುದಿಲ್ಲ.

"ಆತ ಬಿಡ," ಎಂದ ಮರೆಪ್ಪ.

ಫೋನು ಕಟ್ಟಾದ ಮೇಲೂ ಅದನ್ನು ಕಿವಿಗೇ ಹಿಡಿದು ಕೂತಿದ್ದ. ಆಮೇಲೆ ಆರಿದ ಚಹಾವನ್ನು ಎತ್ತಿಕೊಂಡ. ಕುಡಿಯುವ ಮುಂಚೆ ಬಲ ಹೆಗಲನ್ನು ಒಮ್ಮೆ ಮೇಲೆತ್ತಿ ಸರಿಮಾಡಿಕೊಂಡ, ಜಾರಿದ ಏನನ್ನೋ ಮತ್ತೆ ಅದರ ಜಾಗಕ್ಕೆ ಕೂರಿಸುವ ಹಾಗೆ.