ಪುಟದಲ್ಲಿ ಈಗ ಒಬ್ಬರು

ತಮ್ಮ ಮನೆ ಬಿಟ್ಟು ಆರು ವರ್ಷವಾಗಿತ್ತು. ಮನೆಯಲ್ಲಿ ಅವನನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅವನು ಓಡಿಸುತ್ತಿದ್ದ ಬೈಕಿನಿಂದ ಬಿದ್ದು ಅಪ್ಪ ತೀರಿಕೊಂಡ ವಾರದಲ್ಲೇ ಅಕ್ಕನ ಬಾಯಿಂದ ಒಂದು ಮಾತು ಬಂದುಬಿಟ್ಟಿತ್ತು: "ಅಪ್ಪನ್ನ ತಿಂದ್ಕೊಂಡೆಯಲ್ಲೋ." ಬೆಳಗ್ಗೆ ನೋಡಿದರೆ ಅವನ ಹಾಸಿಗೆ ಮಡಿಸಿಟ್ಟಿತ್ತು, ಅವನಿರಲಿಲ್ಲ.

ಅಂಗಡಿಗಳಿಗೆ, ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅಕ್ಕನ ಕೆಲಸ. ತಮ್ಮನಿಗಾಗಿ ಅವಳೇ ಒಂದು ಪುಟ ಮಾಡಿ, ಅವನ ಹಳೆಯ ಗೆಳೆಯರಿಗೆಲ್ಲ ವಿಳಾಸ ಕಳಿಸಿದ್ದಳು. ಅದರಲ್ಲಿ ಇದ್ದದ್ದು ಅಡುಗೆಮನೆ ಕಿಟಕಿಯ ಬಳಿ ನಿಂತ ಅಮ್ಮನ ಫೋಟೊ, ಕೆಳಗೆ ಅಮ್ಮನ ಆರೋಗ್ಯದ ಬಗ್ಗೆ ಎರಡು ಸಾಲು. ಪ್ರತಿ ಸೋಮವಾರ ಫೋಟೊ ಬದಲಾಗುತ್ತಿತ್ತು. ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಮಾತ್ರ ತಿಳಿಯುತ್ತಿರಲಿಲ್ಲ.

ಕೊನೆಗೊಂದು ದಿನ, ಪುಟದಲ್ಲಿ ಈಗ ಎಷ್ಟು ಜನ ಇದ್ದಾರೆಂದು ಎಣಿಸಿ ತೋರಿಸುವ ಪುಟ್ಟ ಕೋಡ್ ಸೇರಿಸಿದಳು. ಫೋಟೊ ಪೂರ್ತಿ ಮೂಡಿದ ಮೇಲಷ್ಟೇ ಅದು ಕೆಲಸ ಶುರು ಮಾಡಬೇಕು, ಬಂದವರನ್ನು ಒಂದು ಗಳಿಗೆಯೂ ಕಾಯಿಸಬಾರದು, ಹಾಗೆ ಬರೆದಳು. ಮನೆಯವರ ಫೋನುಗಳನ್ನು ಲೆಕ್ಕದಿಂದ ಹೊರಗಿಟ್ಟಳು.

ಮೂರನೆಯ ದಿನ ಮಧ್ಯಾಹ್ನ ಮೂರೂವರೆಗೆ ಅಕ್ಕನ ಪರದೆಯ ಮೂಲೆಯಲ್ಲಿ ಸೊನ್ನೆ ಹೋಗಿ ಒಂದು ಬಂತು. ಯಾವುದೋ ಹಳೆಯ ಫೋನು. ನಾಲ್ಕು ನಿಮಿಷ ಇದ್ದು ಹೋಯಿತು. ಮರುದಿನವೂ ಅದೇ ಹೊತ್ತು, ಅದೇ ಫೋನು, ನಾಲ್ಕು ನಿಮಿಷ. ಬಾಗಿಲಾಚೆ ಯಾರೋ ಬಂದು, ತಟ್ಟದೆ, ಉಸಿರು ಬಿಗಿಹಿಡಿದು ನಿಂತಂತಿತ್ತು.

"ಅವನೇ ಕಣೆ," ಎಂದಳು ಅಮ್ಮ.

"ಬೇರೆ ಯಾರೋ ಇರಬಹುದಮ್ಮ."

"ನಾಲ್ಕು ನಿಮಿಷ ಈ ಮುಖ ನೋಡ್ಕೊಂಡು ಕೂರೋಕೆ ಬೇರೆ ಯಾರಿಗೆ ಬಿಡುವಿದೆ?"

ಆಫೀಸಿನಲ್ಲಿ ದಪ್ಪ ಕನ್ನಡಕದವನೊಬ್ಬನಿದ್ದ, ಎಲ್ಲರ ಬಾಯಲ್ಲೂ ಸೋಡಾಬುಡ್ಡಿ. ಅವನು ಇನ್ನೊಂದು ದೊಡ್ಡ ಕೋಡ್ ತೋರಿಸಿದ. "ಇದು ಹಾಕಿ ಅಕ್ಕ. ಯಾವ ಊರು, ಪುಟದಲ್ಲಿ ಎಲ್ಲಿ ಬೆರಳಿಟ್ರು, ಎಲ್ಲ ಜಾತಕ ಬರುತ್ತೆ."

ಊರು ಎಂದ ಕೂಡಲೇ ಅವಳಿಗೆ ತಡೆಯಲಾಗಲಿಲ್ಲ, ಪುಟ್ಟದನ್ನು ತೆಗೆದು ಅದನ್ನೇ ಹಾಕಿದಳು. ಆ ಕೋಡ್ ನೋಡುವವರ ಫೋನಿಗೆ ಎಲ್ಲಕ್ಕಿಂತ ಮೊದಲು ಇಳಿಯಬೇಕಿತ್ತು, ಫೋಟೊಗಿಂತಲೂ ಮೊದಲು. ಗಾಜು ಬಿರುಕುಬಿಟ್ಟ, ನಿಧಾನದ ಹಳೆಯ ಫೋನೊಂದು ಅವಳ ಮೇಜಿನ ಡ್ರಾಯರಿನಲ್ಲಿತ್ತು. ಅದರಲ್ಲಿ ತೆರೆದು ನೋಡದೆ ಅವಳು ಯಾರ ಪುಟವನ್ನೂ ಕೊಟ್ಟವಳಲ್ಲ. ಇದು ಮನೆಯ ಕೆಲಸ, ಯಾರು ಕೇಳುತ್ತಾರೆ? ಆಫೀಸಿನ ಕಂಪ್ಯೂಟರಿನಲ್ಲಿ ರೆಪ್ಪೆ ಬಡಿಯುವುದರೊಳಗೆ ತೆರೆಯಿತು. ಅಷ್ಟು ಸಾಕೆಂದುಕೊಂಡಳು.

ಮರುದಿನ ಮೂರೂವರೆಗೆ ಸೊನ್ನೆ. ಅದರ ಮರುದಿನವೂ. ಒಂಬತ್ತು ದಿನ ಸೊನ್ನೆ ಹಾಗೇ ಕಣ್ಣುಬಿಟ್ಟುಕೊಂಡು ಕೂತಿತ್ತು.

ಹತ್ತನೆಯ ದಿನ ಡ್ರಾಯರಿನ ಫೋನು ತೆಗೆದು ಪುಟದ ವಿಳಾಸ ಒತ್ತಿದಳು. ಬಿಳಿ. ಹದಿಮೂರು ಸೆಕೆಂಡು ಬರೀ ಬಿಳಿ. ಅಮ್ಮನಿಲ್ಲ, ಕಿಟಕಿಯಿಲ್ಲ. ಅಷ್ಟರೊಳಗೆ ಬೇಸತ್ತು ಹೋದವರನ್ನು ಆ ಕೋಡ್ ಎಣಿಸುವಂತೆಯೂ ಇರಲಿಲ್ಲ, ಅದೇ ಇನ್ನೂ ಇಳಿದು ಮುಗಿದಿರುವುದಿಲ್ಲವಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು.

"ಹಂಗಾದ್ರೆ ಬರ್ತಾನೇ ಇದ್ದ," ಎಂದಳು ಅಮ್ಮ, ಬಟ್ಟೆ ಮಡಿಸುತ್ತಲೇ. "ಒಳಗೆ ಕತ್ತಲೆ ನೋಡಿ ಹೋಗ್ತಿದ್ದ."

"ಊರು ಗೊತ್ತಾದ್ರೆ ಹೋಗಿ ಕರ್ಕೊಂಡು ಬರೋಣ ಅಂತ..."

"ಅವನು ಬಚ್ಚಿಟ್ಕೊಂಡಿರೋದು ಯಾರಿಂದ ಅಂದ್ಕೊಂಡೆ? ಹಿಡಿಯೋಕೆ ಹೋಗ್ಬೇಡ ಕಣೆ. ನೋಡ್ಕೊಂಡು ಹೋಗ್ಲಿ."

ಅಕ್ಕ ಕಂಪ್ಯೂಟರ್ ತೆರೆದಳು. ದೊಡ್ಡ ಕೋಡ್ ಕಿತ್ತುಹಾಕಿ, ಮೊದಲಿನ ಪುಟ್ಟದನ್ನೇ ಇಟ್ಟಳು. ಹಳೆಯ ಫೋನಿನಲ್ಲಿ ಅಮ್ಮ ತಟ್ಟನೆ ಮೂಡಿದಳು. ಆಮೇಲೆ ಫೋಟೊದ ಕೆಳಗೆ ಮೂರನೆಯ ಸಾಲು ಬರೆದಳು: "ಗುಬ್ಬೀ, ತಪ್ಪು ನಿನ್ನದಲ್ಲ. ಅವತ್ತು ನಾನು ಆಡಬಾರದ್ದು ಆಡಿದೆ."

ಎರಡು ವಾರ ಯಾರೂ ಬರಲಿಲ್ಲ. ಆದರೂ ಒಂದು ರಜೆಯ ದಿನ ಮೂರೂವರೆಗೆ ತಾಯಿ ಮಗಳಿಬ್ಬರೂ ಪರದೆಯ ಮುಂದೆ ಕೂತರು. ಸೊನ್ನೆ ಮಿಟುಕಿತು. ಒಂದು ಬಂತು.

ಅಮ್ಮ ತಲೆಗೂದಲು ಸರಿಮಾಡಿಕೊಂಡಳು.

ನಾಲ್ಕು ನಿಮಿಷ ಕಳೆಯಿತು. ಒಂದು ಹೋಗಲಿಲ್ಲ. ಆರಾಯಿತು, ಒಂಬತ್ತಾಯಿತು.

"ಏನಾದ್ರೂ ಹೇಳೇ ಅವನಿಗೆ," ಎಂದು ಪಿಸುಗುಟ್ಟಿದಳು ಅಮ್ಮ.

"ಕೇಳ್ಸಲ್ಲಮ್ಮ."

"ಗೊತ್ತು."

ಅಡುಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಎದ್ದರೆ ಹೋಗಿಬಿಡುತ್ತಾನೇನೋ ಎಂಬಂತೆ ಇಬ್ಬರೂ ಕೂತೇ ಇದ್ದರು.